ಫೋನ್ ಮನೆಗೆ ಬರುವ ಹೊತ್ತಿಗೆ ಗಣಿತದ ಪೀರಿಯಡ್

ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಪಿಸಿಎಂ ಟೀಚರ್. ಗಣಿತ, ಜೊತೆಗೆ ಭೌತ ಮತ್ತು ರಸಾಯನ ವಿಜ್ಞಾನ. ಮನೆ ದಾವಣಗೆರೆಯಲ್ಲಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಈಗಲೂ ಕೇಳುತ್ತಾರೆ, ಕೊರೊನಾದಲ್ಲಿ ಆನ್‌ಲೈನ್ ಪಾಠ ಹೇಗೆ ಮಾಡಿದ್ರಿ ಮೇಡಂ ಅಂತ. ಅವರ ಮನಸ್ಸಿನಲ್ಲಿ ಲ್ಯಾಪ್‌ಟಾಪು, ಹೆಡ್‌ಫೋನು, ಪರದೆ ತುಂಬಾ ಚೌಕ ಚೌಕವಾಗಿ ಮಕ್ಕಳ ಮುಖ ಇರುತ್ತದೆ. ನಮ್ಮಲ್ಲಿ ಅದು ಯಾವುದೂ ಇರಲಿಲ್ಲ. ಪಾಠ ಮಾತ್ರ ನಡೆಯಿತು. ಹೇಗೆ ನಡೆಯಿತು ಅನ್ನೋದನ್ನ ಒಂದ್ಸಲ ಬರೆದಿಡೋಣ ಅನ್ನಿಸಿತು.

ಮೊದಲು ಊರಿನ ವಿಷಯ ಹೇಳಿಬಿಡುತ್ತೇನೆ. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಬಂತು. ದಾವಣಗೆರೆ ಅಂದ ತಕ್ಷಣ ಭದ್ರಾ ಕಾಲುವೆ, ಭತ್ತದ ಗದ್ದೆ ಅಂದುಕೊಳ್ಳಬೇಡಿ. ನಮ್ಮದು ಮಳೆ ನಂಬಿದ ಸೀಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಬೋರು ಇದ್ದವರದ್ದು ಒಂದಿಷ್ಟು ಅಡಿಕೆ. ಮಳೆ ಕೈಕೊಟ್ಟರೆ ಕಾಫಿ ಸೀಮೆಗೆ ಗುಳೆ. ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಮನೆಯಲ್ಲಿ ಫೋನ್ ಯಾರ ಜೇಬಿನಲ್ಲಿರುತ್ತದೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತದೆ ಅನ್ನೋದು ಇದರ ಮೇಲೇ ನಿಂತಿತ್ತು.

2020ರ ಮಾರ್ಚ್ 27ಕ್ಕೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಶುರುವಾಗಬೇಕಿತ್ತು. ಹಾಲ್ ಟಿಕೆಟ್ ಕೊಟ್ಟಾಗಿತ್ತು. ಪಾಸಾಗೋಕೆ ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರದ ಪ್ಯಾಸಿಂಗ್ ಪ್ಯಾಕೇಜ್ ಮೇಲೆ ಪ್ಯಾಸಿಂಗ್ ಪ್ಯಾಕೇಜ್ ಉರು ಹೊಡೆಸಿ ಮಕ್ಕಳನ್ನ ತಯಾರು ಮಾಡಿದ್ದೆವು. 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್, ಪರೀಕ್ಷೆ ಮುಂದಕ್ಕೆ. ಆ ಬ್ಯಾಚಿನ ಜೊತೆ ಸಂಪರ್ಕ ಇಟ್ಟುಕೊಳ್ಳೋದು ಅಷ್ಟು ಕಷ್ಟ ಆಗಲಿಲ್ಲ. ಯಾಕಂದ್ರೆ ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸಿ ಓದಿಸೋ ವೇಕಪ್ ಕಾಲ್ ನಮ್ಮ ಶಾಲೆಗಳಲ್ಲಿ ಮೊದಲಿಂದಲೂ ಇತ್ತು. ಅದನ್ನೇ ಮುಂದುವರಿಸಿದೆವು. ಜೂನ್ 25ರಿಂದ ಪರೀಕ್ಷೆ ನಡೆಯಿತು. ಮಾಸ್ಕು, ಸ್ಯಾನಿಟೈಸರು, ಬಾಗಿಲಲ್ಲೇ ಹಣೆಗೆ ಥರ್ಮಲ್ ಸ್ಕ್ಯಾನರ್. ಜ್ವರ ಇದ್ದವರಿಗೆ ಬೇರೆ ಕೊಠಡಿ. ಆ ಮಕ್ಕಳ ಧೈರ್ಯಕ್ಕೆ ಮೆಚ್ಚಲೇಬೇಕು.

ನಿಜವಾದ ತಲೆನೋವು ಅವರ ನಂತರದ ಬ್ಯಾಚು. ಒಂಬತ್ತನೇ ಕ್ಲಾಸು ಪರೀಕ್ಷೆ ಇಲ್ಲದೆ ಪಾಸಾಗಿ ಹತ್ತಕ್ಕೆ ಬಂದವರು. ಅವರ ಜೊತೆ ಕಳೆದ ವರ್ಷವೇ ನನ್ನ ಮುಖ್ಯ ವಿಷಯ.

ಶಾಲೆಯ ದಾಖಲೆಯಲ್ಲಿ, ಅಂದ್ರೆ ಸ್ಯಾಟ್ಸ್ ಅನ್ನೋ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ, ಪ್ರತಿ ಮಗುವಿನ ಮುಂದೆ ಒಂದು ಮೊಬೈಲ್ ನಂಬರ್ ಇರುತ್ತದೆ. ಅದಕ್ಕೆ ಫೋನ್ ಮಾಡುತ್ತಾ ಹೋದೆ. ಒಂದು ಸೈಬರ್ ಸೆಂಟರಿನವನದ್ದು. ಇನ್ನೊಂದು ಬಳ್ಳಾರಿಯಲ್ಲಿರೋ ಚಿಕ್ಕಪ್ಪನದ್ದು. ಕೆಲವು ಸ್ವಿಚ್ ಆಫ್. ಒಂದು ನಂಬರ್ ಎತ್ತಿದ ಅಜ್ಜಿ, "ನಮ್ಮನೆಲಿ ಯಾರೂ ಶಾಲಿಗೆ ಹೋಗಲ್ಲ ತಾಯಿ" ಅಂತ ಹೇಳಿ, ಆಮೇಲೆ ಹತ್ತು ನಿಮಿಷ ತನ್ನ ಮಂಡಿ ನೋವಿನ ಕಥೆ ಹೇಳಿದರು. ಹಾಗಾಗಿ ಮೊದಲ ಕೆಲಸ ಪಾಠ ಅಲ್ಲ, ನಂಬರ್ ಹುಡುಕೋದು. ಒಬ್ಬ ಹುಡುಗ ಸಿಕ್ಕರೆ ಅವನ ಓಣಿಯ ಉಳಿದವರ ನಂಬರ್ ಅವನಿಂದಲೇ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆಯರ ಹತ್ತಿರ ಇಡೀ ಊರಿನ ನಂಬರ್ ಇರುತ್ತದೆ. ಅವರು ಇಲ್ಲದೇ ಹೋಗಿದ್ದರೆ ನಮ್ಮ ಕೈಗೆ ಅರ್ಧ ಕ್ಲಾಸೂ ಸಿಗುತ್ತಿರಲಿಲ್ಲ.

ಒಂದು ಉದ್ದನೆಯ ರಿಜಿಸ್ಟರ್ ತೆಗೆದುಕೊಂಡು ಗೀಟು ಹಾಕಿದೆ. ಮಗುವಿನ ಹೆಸರು. ಫೋನ್ ಯಾರದ್ದು. ಕೀಪ್ಯಾಡೋ, ಜಿಯೋ ಫೋನೋ, ದೊಡ್ಡ ಫೋನೋ. ಯಾವ ಜಾಗದಲ್ಲಿ ಸಿಗ್ನಲ್ ಸಿಗುತ್ತದೆ. ಕೊನೆಯ ಕಾಲಂ, ಫೋನ್ ಮನೆಗೆ ಬರುವ ಹೊತ್ತು. ಮೇಲಿನವರು ಕೇಳಿದ್ದು ಮೊದಲ ಮೂರು ಮಾತ್ರ. ಸ್ಮಾರ್ಟ್‌ಫೋನ್ ಇರುವವರು ಎಷ್ಟು, ಸಾದಾ ಫೋನ್ ಇರುವವರು ಎಷ್ಟು, ಏನೂ ಇಲ್ಲದವರು ಎಷ್ಟು, ಗೂಗಲ್ ಶೀಟ್ ತುಂಬಿಸಿ ಕಳಿಸಿ ಅಂತ. ತುಂಬಿಸಿದೆವು. ಆದರೆ ಆ ಲೆಕ್ಕ ಅರ್ಧ ಸುಳ್ಳು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ ಅಂದ ಮಾತ್ರಕ್ಕೆ ಮಗುವಿನ ಹತ್ತಿರ ಇದೆ ಅಂತಲ್ಲ, ಅಲ್ವಾ? ಬೆಳಗ್ಗೆ ಅಪ್ಪನ ಜೊತೆ ಅದು ಹೊಲಕ್ಕೆ ಹೋಗುತ್ತದೆ. ಕೆಲವರ ಬೋರಿಗೆ ಮೊಬೈಲ್ ಸ್ಟಾರ್ಟರ್ ಇತ್ತು, ಮೋಟ್ರು ಆನ್ ಆಫ್ ಮಾಡೋದೂ ಅದೇ ಫೋನಿಂದ. ಅಣ್ಣ ಇದ್ದರೆ ಮುಗಿದೇ ಹೋಯಿತು, ಸಂಜೆ ಮನೆಗೆ ಬಂದ ಮೇಲೂ ಅವನ ಕೈಯಿಂದ ತಂಗಿಯ ಕೈಗೆ ಬರೋದು ಕಷ್ಟ. ತಂಗಿಗೆ ದಿನಕ್ಕೆ ಅರ್ಧ ಗಂಟೆ ಫೋನ್ ಬಿಟ್ಟುಕೊಡಪ್ಪಾ ಅಂತ ನಾನು ಮಾತಾಡಿದ ಅಣ್ಣಂದಿರಲ್ಲಿ ಕೆಲವರು ನನ್ನ ಹಳೇ ಸ್ಟೂಡೆಂಟ್‌ಗಳೇ. ಹಾಗಾಗಿ ಸ್ವಲ್ಪ ಗದರೋಕೂ ಆಯಿತು.

ಬೇರೆ ಬೇರೆ ಶಾಲೆಯವರು ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ವೇಳಾಪಟ್ಟಿ ಮಾಡಿಕೊಂಡು ಗೂಗಲ್ ಮೀಟ್ ನಡೆಸುತ್ತಿದ್ದರು. ಪಟ್ಟಣದ ಖಾಸಗಿ ಶಾಲೆಗಳಿಗೆ ಅದು ಸರಿ. ನಮ್ಮಲ್ಲಿ ಹತ್ತು ಗಂಟೆಗೆ ಮೀಟ್ ಇಟ್ಟರೆ ಬರುವವರು ನಾಲ್ಕೈದು ಜನ, ಅದೂ ಯಾವಾಗಲೂ ಅದೇ ನಾಲ್ಕೈದು ಜನ. ಕ್ಲಾಸಲ್ಲಿ ಮುಂದಿನ ಬೆಂಚಲ್ಲಿ ಕೂರುವವರೇ ಅಲ್ಲೂ ಮುಂದೆ. ಪಾಠ ಲೈವ್ ಮಾಡೋದೇ ಬೇಡ ಅಂತ ತೀರ್ಮಾನ ಮಾಡಿದೆ. ಪಾಠ ಆಡಿಯೋದಲ್ಲಿ ಹೋಗಲಿ, ಮಗು ಫೋನ್ ಸಿಕ್ಕಾಗ ಕೇಳಲಿ. ನಾನು ಲೈವ್ ಇರೋದು ಫೋನ್ ಕಾಲಲ್ಲಿ, ಒಬ್ಬೊಬ್ಬರ ಜೊತೆ, ಅವರ ಮನೆಗೆ ಫೋನ್ ಬಂದ ಮೇಲೆ.

ನನ್ನ ದಿನ ಹೀಗಿತ್ತು. ಬೆಳಗ್ಗೆ ಐದಕ್ಕೆ ಎದ್ದು ರೆಕಾರ್ಡಿಂಗ್. ಅಷ್ಟು ಹೊತ್ತಿಗೆ ಯಾಕೆ ಅಂದ್ರೆ ಆರಕ್ಕೆ ನಲ್ಲಿ ನೀರು ಬಂದರೆ ಇಡೀ ಓಣಿ ಕೊಡ ಹಿಡಿದು ಗಲಾಟೆ, ಏಳಕ್ಕೆ ನಮ್ಮನೆ ಕುಕ್ಕರ್, ಎಂಟಕ್ಕೆ ತರಕಾರಿ ಗಾಡಿ. ಫ್ಯಾನ್ ಹಾಕಿದರೆ ಆಡಿಯೋದಲ್ಲಿ ಬರೀ ಗಾಳಿ. ಹಾಗಾಗಿ ರೂಮಿನ ಬಾಗಿಲು ಹಾಕಿ, ಫ್ಯಾನ್ ಆಫ್ ಮಾಡಿ, ಬೆವರು ಒರೆಸಿಕೊಳ್ಳುತ್ತಾ ಸಮಾಂತರ ಶ್ರೇಢಿ. ಆರೂವರೆಗೆ, ಅಪ್ಪ ಹೊಲಕ್ಕೆ ಹೊರಡೋ ಮುಂಚೆ ಸಿಗುವ ಮಕ್ಕಳಿಗೆ ಕಾಲ್. ಆಮೇಲೆ ಮನೆಗೆಲಸ, ನನ್ನ ಮಗನ ಆನ್‌ಲೈನ್ ಕ್ಲಾಸ್. ಅವನಿಗೆ ಕೊಡೋಕೆ ನನ್ನ ಫೋನೇ ಆಗಬೇಕು. ಮಧ್ಯಾಹ್ನ ಇಲಾಖೆಯ ವೆಬಿನಾರ್, ವರದಿ, ದೀಕ್ಷಾ ಆ್ಯಪ್‌ನಲ್ಲಿ ತರಬೇತಿ. ಇಲ್ಲವೇ ಕೋವಿಡ್ ಡ್ಯೂಟಿ, ಮನೆ ಮನೆ ಸರ್ವೆ. ಸಂಜೆ ಏಳೂವರೆಯಿಂದ ಒಂಬತ್ತೂವರೆ ಮುಖ್ಯ ಕ್ಲಾಸ್. ಸೀರಿಯಲ್ ಹೊತ್ತು ಅಂತ ನಮ್ಮತ್ತೆ ಗೊಣಗುತ್ತಿದ್ದರು. ಟಿವಿ ಸೌಂಡ್ ಕಡಿಮೆ ಮಾಡಿ ಅಂತ ನಾನು, ನಿನ್ನ ಲೆಕ್ಕದ ಸೌಂಡ್ ಕಡಿಮೆ ಮಾಡು ಅಂತ ಅವರು.

ಆಡಿಯೋ ಹೇಗೆ ಮಾಡ್ತಿದ್ದೆ ಅನ್ನೋದು ಹೇಳಲೇಬೇಕು, ಯಾಕಂದ್ರೆ ಗಣಿತವನ್ನ ಬರೀ ಮಾತಲ್ಲಿ ಹೇಳೋಕೆ ಆಗಲ್ಲ ಅಂತಲೇ ಎಲ್ಲರೂ ಅನ್ನುತ್ತಿದ್ದರು. ಆಗುತ್ತದೆ. ಪುಸ್ತಕವನ್ನೇ ಬೋರ್ಡು ಮಾಡಿಕೊಳ್ಳಬೇಕು ಅಷ್ಟೇ. ಹೊಸ ಪುಸ್ತಕ ಬರೋದು ತಡವಾಗಿತ್ತು, ಪಾಸಾದ ಮಕ್ಕಳ ಹಳೇ ಪುಸ್ತಕ ಇಸಕೊಂಡು ಹಂಚಿದ್ದೆವು. ಆಡಿಯೋ ಶುರುವಾಗೋದೇ "ಇಂಥಾ ಪುಟ ತೆಗೀರಿ, ಮೇಲಿಂದ ಎರಡನೇ ಚಿತ್ರದ ಮೇಲೆ ಬೆರಳಿಡಿ" ಅಂತ. ಬೆರಳು ಅಲ್ಲೇ ಇರಬೇಕು. "ಈಗ ಎ ಇಂದ ಡಿ ಕಡೆ ಬೆರಳು ಜಾರಿಸಿ. ಅಲ್ಲಿ ನಿಲ್ಲಿ. ಬಿ-ಸಿ ಗೆರೆಗೆ ಸಮಾಂತರವಾಗಿ ಒಂದು ಗೆರೆ ಹೋಗಿದೆ ನೋಡಿ." ಥೇಲ್ಸನ ಪ್ರಮೇಯ ಹೀಗೇ ಹೇಳಿಕೊಟ್ಟಿದ್ದು. ನಾಲ್ಕು ನಿಮಿಷ ದಾಟಬಾರದು ಅನ್ನೋದು ನಾನೇ ಹಾಕಿಕೊಂಡ ನಿಯಮ. ನಡುವೆ ಒಂದು ಕಡೆ "ಇಲ್ಲಿ ಆಡಿಯೋ ನಿಲ್ಲಿಸಿ, ಮುಂದಿನ ಸಾಲು ನೀವೇ ಬರೀರಿ, ಬರೆದಾದ ಮೇಲೆ ಮತ್ತೆ ಒತ್ತಿ" ಅಂತ ಬರಲೇಬೇಕು. ಇಲ್ಲಾಂದ್ರೆ ಮಕ್ಕಳು ರೇಡಿಯೋ ಕೇಳಿದ ಹಾಗೆ ಕೇಳಿ ಎದ್ದು ಹೋಗುತ್ತಾರೆ. ಕೊನೆಯಲ್ಲಿ ಒಂದೇ ಒಂದು ಲೆಕ್ಕ. ಹತ್ತು ಲೆಕ್ಕ ಕೊಟ್ಟರೆ ಒಂದೂ ಮಾಡಲ್ಲ. ಒಂದು ಕೊಟ್ಟರೆ, ಸಂಜೆ ಮೇಡಂ ಫೋನ್ ಮಾಡಿ ಕೇಳ್ತಾರೆ ಅಂತ ಗೊತ್ತಿದ್ದರೆ, ಮಾಡಿಟ್ಟಿರುತ್ತಾರೆ.

ಕೀಪ್ಯಾಡ್ ಫೋನಿನವರಿಗೆ ವಾಟ್ಸಾಪ್ ಆಡಿಯೋ ಹೇಗೆ? ಅವರಿಗೆ ಕಾನ್ಫರೆನ್ಸ್ ಕಾಲ್. ಸಾದಾ ಫೋನಲ್ಲೂ ಬರುತ್ತದೆ, ಡೇಟಾ ಬೇಡ. ನಾಲ್ಕೈದು ಜನರನ್ನ ಒಟ್ಟಿಗೆ ಸೇರಿಸಿಕೊಂಡು ಅದೇ ಪಾಠ ಹೇಳೋದು. ಒಬ್ಬರ ಮನೆ ಕೋಳಿ, ಇನ್ನೊಬ್ಬರ ಮನೆ ಕೂಸು, ಮತ್ತೊಬ್ಬರ ಮನೆ ಟಿವಿ, ಎಲ್ಲಾ ಒಂದೇ ಲೈನಲ್ಲಿ.

ವಿಡಿಯೋನೂ ಮಾಡಿದೆ, ಆದರೆ ಕಡಿಮೆ. ಎರಡು ಕಡೆ ಹಿಟ್ಟಿನ ಡಬ್ಬಿ, ಅದರ ಮೇಲೆ ಶಾಲೆಯ ಮರದ ಸ್ಕೇಲ್ ಎರಡು ಅಡ್ಡ, ಅದರ ನಡುವೆ ಕ್ಯಾಮೆರಾ ಕೆಳಮುಖವಾಗಿ ಫೋನ್, ಕೆಳಗೆ ನೋಟ್ ಪುಸ್ತಕ. ಕಿಟಕಿ ಬೆಳಕು ಎಡಗಡೆಯಿಂದ ಬರಬೇಕು, ಬಲಗಡೆಯಿಂದ ಬಂದರೆ ಬರೆಯೋ ಕೈ ನೆರಳು ಅಕ್ಷರದ ಮೇಲೇ ಬೀಳುತ್ತದೆ. ಆಗ ವಾಟ್ಸಾಪಿನಲ್ಲಿ ವಿಡಿಯೋಗೆ 16 ಎಂಬಿ ಮಿತಿ ಇತ್ತು. ಅಷ್ಟರೊಳಗೆ ಕುಗ್ಗಿಸಿ ಕಳಿಸಿದರೂ ಡೌನ್‌ಲೋಡ್ ಆಗೋದಕ್ಕೆ ಮಕ್ಕಳು ಮಾಳಿಗೆ ಹತ್ತಬೇಕು, ಇಲ್ಲಾ ನೀರಿನ ಟ್ಯಾಂಕ್ ಹತ್ತಿರ ಹೋಗಬೇಕು. ಸಂಜೆಗತ್ತಲಲ್ಲಿ ಹೆಣ್ಣುಮಕ್ಕಳು ಟ್ಯಾಂಕ್ ಹತ್ತಿರ ಹೋಗಿ ನಿಲ್ಲೋದು ನನಗಂತೂ ಇಷ್ಟ ಇರಲಿಲ್ಲ. ಅವರ ಮನೆಯವರಿಗೂ ಅಷ್ಟೇ. ಅದಕ್ಕೇ ಆಡಿಯೋಗೇ ಜಾಸ್ತಿ ಒತ್ತು ಕೊಟ್ಟೆ.

ಜುಲೈನಿಂದ ಚಂದನ ವಾಹಿನಿಯಲ್ಲಿ ಹಿಂದಿನ ಕ್ಲಾಸಿನದ್ದು ನೆನಪಿಸೋ ಸೇತುಬಂಧ ಪಾಠ ಶುರುವಾಯಿತು, ಆಮೇಲೆ ಆ ವರ್ಷದ ಪಾಠಗಳ ಸಂವೇದ. ಯೂಟ್ಯೂಬಿಗೂ ಹಾಕುತ್ತಿದ್ದರು. ಒಳ್ಳೆಯ ಪಾಠಗಳೇ. ಟಿವಿ ಇರೋ ಮನೆ ಫೋನ್ ಇರೋ ಮನೆಗಿಂತ ನಮ್ಮಲ್ಲಿ ಜಾಸ್ತಿ. ಆದರೆ ಕರೆಂಟ್ ಅದರ ಪಾಡಿಗೆ ಅದು ಹೋಗಿ ಬರುತ್ತಿತ್ತು. ಟಿವಿಗೆ ಪ್ರಶ್ನೆ ಕೇಳೋಕೂ ಆಗಲ್ಲ. ನಾನು ಹಿಂದಿನ ದಿನವೇ ನಾಳೆ ಯಾವ ಹೊತ್ತಿಗೆ ಯಾವ ಪಾಠ ಅಂತ ಮೆಸೇಜ್ ಹಾಕಿ, ಸಂಜೆ ಕಾಲಲ್ಲಿ ಅದರದ್ದೇ ಪ್ರಶ್ನೆ ಕೇಳುತ್ತಿದ್ದೆ. ಕೇಳ್ತಾರೆ ಅಂತ ಗೊತ್ತಾದ ಮೇಲೆ ನೋಡೋಕೆ ಶುರು ಮಾಡಿದರು.

ಈಗ ರಚನೆ ಪಾಠದ ವಿಷಯಕ್ಕೆ ಬರುತ್ತೇನೆ. ವೃತ್ತಕ್ಕೆ ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯೋದು. ಆಗ ಪರೀಕ್ಷೆಯಲ್ಲಿ ಗ್ಯಾರಂಟಿ ಬರುತ್ತಿದ್ದ ಪ್ರಶ್ನೆ, ಪಾಸಿನ ಅಂಚಿನಲ್ಲಿದ್ದ ಮಕ್ಕಳಿಗೆ ಇದೇ ಆಸರೆಯಾಗಿತ್ತು. ಆದರೆ ಕೀಪ್ಯಾಡ್ ಫೋನಿನ ಹುಡುಗಿಗೆ ಚಿತ್ರ ತೋರಿಸೋದು ಹೇಗೆ, ಅವಳು ಬರೆದಿದ್ದನ್ನ ನಾನು ನೋಡೋದು ಹೇಗೆ? ನೋಡದೇ ಸರಿ ತಪ್ಪು ಗೊತ್ತಾಗಬೇಕು. ಉಪಾಯ ಏನಂದ್ರೆ, ಚಿತ್ರದಲ್ಲಿ ಯಾವುದಾದರೂ ಒಂದು ಉದ್ದ ಅಳೆಸಿ ಬಾಯಲ್ಲಿ ಹೇಳಿಸಬೇಕು. ಉತ್ತರ ನನಗೆ ಮೊದಲೇ ಗೊತ್ತಿರುತ್ತದೆ. ತ್ರಿಜ್ಯ 3, ಕೇಂದ್ರದಿಂದ ಬಿಂದುವಿಗೆ ದೂರ 5 ಕೊಟ್ಟರೆ ಸ್ಪರ್ಶಕ 4 ಬರುತ್ತದೆ ಅಂತ ಜಾಣ ಮಕ್ಕಳು ಪೈಥಾಗೊರಸ್ ಹಾಕಿ ಎಳೆಯದೇ ಹೇಳಿಬಿಡುತ್ತಾರೆ. ಅದಕ್ಕೆ ತ್ರಿಜ್ಯ 3, ದೂರ 8 ಕೊಟ್ಟೆ. ಉತ್ತರ ಐವತ್ತೈದರ ವರ್ಗಮೂಲ, 7.4ರ ಹತ್ತಿರ. ಬಾಯಲ್ಲಿ ಬರಲ್ಲ, ಎಳೆದು ಅಳೆಯಲೇಬೇಕು.

ಒಬ್ಬ ಹುಡುಗಿಯ ಜೊತೆ ಮಾಡಿದ್ದು ಚೆನ್ನಾಗಿ ನೆನಪಿದೆ. ಅಪ್ಪನ ಫೋನು, ಸ್ಪೀಕರ್ ಹಾಕಿ ನೆಲದ ಮೇಲೆ ಇಟ್ಟುಕೊಂಡಿದ್ದಳು.

"ಓ ಅಂತ ಒಂದು ಚುಕ್ಕಿ ಇಡವ್ವ. ಕೈವಾರ 3 ಸೆಂಟಿಮೀಟರಿಗೆ ತೆಗೆದು ಸುತ್ತು."

"ಸುತ್ತಿದೆ ಮೇಡಂ."

"ಓ ಇಂದ ಸ್ಕೇಲ್ ಇಟ್ಟು 8 ಸೆಂಟಿಮೀಟರ್ ದೂರಕ್ಕೆ ಪಿ ಅಂತ ಇಡು. ಎರಡನ್ನೂ ಸೇರಿಸು. ಈಗ ಅದನ್ನ ಅರ್ಧ ಮಾಡಬೇಕು, ಹೇಗೆ ಮಾಡ್ತೀಯ?"

"ಎರಡೂ ಕಡೆಯಿಂದ ಕಂಸ ಹಾಕಿ, ಮೇಡಂ."

"ಶಭಾಷ್. ಅರ್ಧದ ಬಿಂದು ಎಂ. ಎಂ ಮೇಲೆ ಕೈವಾರದ ಮೊನೆ ಇಡು, ಓ ವರೆಗೆ ತೆಗೆದು ಪೂರ್ತಿ ವೃತ್ತ ಸುತ್ತು. ಆ ವೃತ್ತ ಪಿ ಮೇಲೂ ಹಾದು ಹೋಗಬೇಕು. ಹೋಯ್ತಾ?"

ಸ್ವಲ್ಪ ಹೊತ್ತು ಸದ್ದಿಲ್ಲ. "ಹೋತು ಮೇಡಂ. ಸಣ್ಣ ವೃತ್ತನ ಎರಡು ಕಡೆ ಕಡಿದೈತೆ."

"ಆ ಎರಡೇ ಬೇಕಾಗಿದ್ದು. ಕ್ಯೂ, ಆರ್ ಅಂತ ಬರಿ. ಪಿ ಇಂದ ಎರಡಕ್ಕೂ ಗೆರೆ ಎಳೆದು ಅಳತೆ ಹೇಳು."

"ಒಂದು 7.4. ಇನ್ನೊಂದು... 7.1 ಮೇಡಂ."

"ಎರಡೂ ಒಂದೇ ಬರಬೇಕಲ್ವಾ?"

"ಹೌದು ಮೇಡಂ. ಕೈವಾರ ಲೂಸ್ ಐತೆ, ಜಾರತೈತೆ."

ಅಷ್ಟರಲ್ಲಿ ಪಕ್ಕದಿಂದ ಅವಳಪ್ಪನ ದನಿ. "ತಡೀರಿ ಮೇಡಂ, ಬಿಗಿ ಮಾಡಿ ಕೊಡ್ತೀನಿ." ಇಕ್ಕಳ ತಂದು ಸ್ಕ್ರೂ ಬಿಗಿ ಮಾಡಿದರು. ಪೆನ್ಸಿಲ್ ಅಲ್ಲಾಡದ ಹಾಗೆ ದಾರ ಸುತ್ತಿ ಕೊಟ್ಟರು. ಅವಳು ಮತ್ತೆ ಮೊದಲಿಂದ ಎಳೆದಳು. ಈ ಸಲ ಎರಡೂ 7.4. ಅಪ್ಪನೇ ಸ್ಕೇಲ್ ಇಟ್ಟು ಇನ್ನೊಂದ್ಸಲ ಅಳೆದು ನೋಡಿ, "ಹೌದು ಮೇಡಂ, ಸಮ ಐತೆ" ಅಂದರು. ಅವರು ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು.

ಆಮೇಲೆ ಎಲ್ಲಾ ಲೆಕ್ಕವನ್ನೂ ನಾನು ಹೀಗೇ ಆರಿಸೋಕೆ ಶುರು ಮಾಡಿದೆ. ಒಂದು ಸಂಖ್ಯೆ ಕೇಳಿದರೆ ಇಡೀ ಲೆಕ್ಕ ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕು. ಪ್ರಮೇಯದ ಸಾಧನೆಗೆ ಇದು ನಡೆಯೋದಿಲ್ಲ. ಅದಕ್ಕೆ ಮಗು ಒಂದೊಂದೇ ಸಾಲು ಓದಿ, ಯಾಕೆ ಅಂತ ಕಾರಣ ಹೇಳಬೇಕು. ಕ್ಲಾಸಲ್ಲಿ ಬೋರ್ಡಿಂದ ನಕಲು ಮಾಡಿಕೊಂಡು ಕೂರುತ್ತಿದ್ದ ಮಕ್ಕಳು ಫೋನಲ್ಲಿ ಕಾರಣ ಹೇಳಲೇಬೇಕಾಯಿತು. ಆ ಒಂದು ವಿಷಯದಲ್ಲಿ ಫೋನೇ ವಾಸಿ ಅಂತ ಈಗಲೂ ಹೇಳುತ್ತೇನೆ.

ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಶಾಲೆಗೆ ಮಕ್ಕಳು ಬರೋ ಹಾಗಿಲ್ಲ, ಮಕ್ಕಳಿದ್ದಲ್ಲಿಗೆ ಟೀಚರ್ ಹೋಗಬೇಕು. ಆಂಜನೇಯನ ಗುಡಿ ಕಟ್ಟೆ, ಸಮುದಾಯ ಭವನ, ಬೇವಿನ ಮರ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ನನ್ನ ಮತ್ತು ಇನ್ನೊಬ್ಬ ಟೀಚರದ್ದು ಒಂದು ಸ್ಕೂಟಿ. ಸುತ್ತಿ ಇಡೋ ಬೋರ್ಡ್ ಅವರ ಬೆನ್ನಿಗೆ, ಚೀಲ ನನ್ನ ಕಾಲ ಹತ್ತಿರ, ಬಿಳಿಚೋಡು ದಾರಿ ಹಿಡಿದು ಹೋಗ್ತಿದ್ದೆವು. ಫೋನೇ ಇಲ್ಲದ ಮಕ್ಕಳು ಆಗ ಕೈಗೆ ಸಿಕ್ಕರು. ಪಾಠದ ನಡುವೆ ಕುರಿ ಮಂದೆ ಹಾಯ್ದು ಹೋದರೆ ಎರಡು ನಿಮಿಷ ಸುಮ್ನೆ ನಿಲ್ಲಬೇಕು, ಅಷ್ಟೇ ತೊಂದರೆ. ನನ್ನನ್ನ ಕೇಳಿದರೆ ಆ ವರ್ಷದಲ್ಲಿ ಸರಿಯಾಗಿ ಹೊಂದಿಕೊಂಡಿದ್ದು ಇದೊಂದೇ. ಆದರೆ ಟೀಚರ್‌ಗಳಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಅಲ್ಲಿ ಇಲ್ಲಿ ಬರೋಕೆ ಶುರುವಾಯಿತು. ನಮ್ಮ ವೃತ್ತಿಯವರು ಕೆಲವರು ತೀರಿಕೊಂಡರು. ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ನಿಲ್ಲಿಸಿದ್ದು ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ, ಮನೆಯಲ್ಲಿ ಶುಗರ್ ಇರೋ ಅತ್ತೆಯನ್ನ ಇಟ್ಟುಕೊಂಡು ಓಡಾಡಿದವಳು ನಾನು. ಆದರೆ ಮತ್ತೆ ಫೋನಿಲ್ಲದ ಮಕ್ಕಳು ಹೊರಗೇ ಉಳಿದರು.

ಅವರಿಗೆ ದಾರಿ ಆಗಿದ್ದು ರೇಷನ್. ಬಿಸಿಯೂಟದ ಬದಲು ಅಕ್ಕಿ, ಗೋಧಿ, ಬೇಳೆ ಕೊಡುತ್ತಿದ್ದೆವು. ಅಂಗಳದಲ್ಲಿ ಸುಣ್ಣದಲ್ಲಿ ಸುತ್ತು ಬರೆದು, ಒಂದೊಂದು ಸುತ್ತಿಗೆ ಒಬ್ಬರು. ಟೀಚರ್‌ಗಳೇ ತೂಗಬೇಕು. ಸುಮ್ನೆ ತೂಗಿ ಕಳಿಸೋ ಬದಲು ಅದೇ ದಿನ ನೋಟ್ ಪುಸ್ತಕ ಬದಲಾಯಿಸೋಣ ಅಂತ ಹೆಡ್ ಮಾಸ್ಟರಿಗೆ ಹೇಳಿದೆ. ಪ್ರತಿ ಮಗುವಿಗೆ ಗಣಿತಕ್ಕೆ ಎರಡು ನೋಟ್ ಪುಸ್ತಕ. ಒಂದು ನನ್ನ ಹತ್ತಿರ ತಿದ್ದೋಕೆ, ಒಂದು ಅವರ ಹತ್ತಿರ ಬರೆಯೋಕೆ. ರೇಷನ್ನಿಗೆ ಬಂದಾಗ ಅದಲು ಬದಲು. ತಿದ್ದಿದ್ದರ ಕೆಳಗೆ ಮುಂದಿನ ಪಾಠದ ಒಂದು ಮಾಡಿದ ಲೆಕ್ಕ ನಾನೇ ಬರೆದು, ಅದರ ಕೆಳಗೆ ಅಂಥದ್ದೇ ಇನ್ನೊಂದು ಖಾಲಿ ಬಿಟ್ಟು ಕಳಿಸುತ್ತಿದ್ದೆ. ಅಕ್ಕಿ ಒಯ್ಯೋಕೆ ಬಂದ ತಾಯಂದಿರ ಜೊತೆ ಎರಡು ಮಾತು ಆಡೋಕೂ ಆಯಿತು. ಪುಸ್ತಕ ಬರಲಿಲ್ಲ ಅಂದರೆ ಯಾಕೆ ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಗೊತ್ತಾಗಿದ್ದೆಲ್ಲ ಒಳ್ಳೆಯದೇ ಆಗಿರಲಿಲ್ಲ. ಒಬ್ಬ ಹುಡುಗ ಅಪ್ಪ ಅಮ್ಮನ ಜೊತೆ ಕಾಫಿ ತೋಟಕ್ಕೆ ಹೋಗಿದ್ದ, ದಿನಗೂಲಿ ಕೈಗೆ ಬಂದ ಮೇಲೆ ಪುಸ್ತಕ ನೆನಪಾಗಲ್ಲ ಅಂತ ಅವನೇ ನಗುತ್ತಾ ಹೇಳಿದ. ಅವನನ್ನ ವಾಪಸ್ ತರೋಕೆ ಆಗಲೇ ಇಲ್ಲ. ಒಬ್ಬ ಹುಡುಗಿ ಫೋನ್ ಕಾಲಿಗೆ ಬರೋದನ್ನ ನಿಲ್ಲಿಸಿದಳು. ಮದುವೆ ಮಾತು ನಡೀತಿದೆ ಅಂತ ಅವಳ ಗೆಳತಿ ಪಿಸುಗುಟ್ಟಿದಳು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಅಧಿಕಾರಿಗಳು ಬರುತ್ತಾರೆ, ಮದುವೆ ನಿಲ್ಲುತ್ತದೆ. ಮೊದಲು ಅವಳ ಅಜ್ಜಿಗೆ ಫೋನ್ ಮಾಡಿ, ಹದಿನೆಂಟು ಆಗೋ ಮುಂಚೆ ಮದುವೆ ಮಾಡಿದರೆ ಏನೇನಾಗುತ್ತದೆ ಅಂತ ಬಿಡಿಸಿ ಹೇಳಿದೆ. ಕೇಸು ಅಂದ ಕೂಡಲೇ ಮಾತು ತಣ್ಣಗಾಯಿತು. ಅವಳು ಪರೀಕ್ಷೆ ಬರೆದಳು. ಶಾಲೆ ಬಾಗಿಲು ಹಾಕಿದರೆ ಏನಾಗುತ್ತದೆ ಅಂತ ಕೇಳೋರಿಗೆ ನಾನು ಗಣಿತದ ಲೆಕ್ಕ ಹೇಳಲ್ಲ, ಇವೆರಡು ಹೇಳುತ್ತೇನೆ.

2021ರ ಜನವರಿ 1ಕ್ಕೆ ಹತ್ತನೇ ಕ್ಲಾಸು ತೆರೆಯಿತು, ಪೋಷಕರ ಒಪ್ಪಿಗೆ ಪತ್ರ ಹಿಡಿದು ಬಂದರು. ಮೂರು ತಿಂಗಳು ಚೆನ್ನಾಗಿ ಓಡಿತು. ಏಪ್ರಿಲ್‌ನಲ್ಲಿ ಎರಡನೇ ಅಲೆ.

ಆ ಏಪ್ರಿಲ್, ಮೇ ಬಗ್ಗೆ ಜಾಸ್ತಿ ಬರೆಯಲ್ಲ. ಸಂಜೆ ಫೋನ್ ಮಾಡಿದರೆ ಲೆಕ್ಕ ಕೇಳೋಕೆ ಬಾಯಿ ಬರುತ್ತಿರಲಿಲ್ಲ. "ಅಪ್ಪಂಗೆ ಆಕ್ಸಿಜನ್ ಹಾಕ್ಯಾರೆ ಮೇಡಂ" ಅಂತ ಒಬ್ಬ. ಊಟ ಆಯ್ತಾ, ಮನೆಯಲ್ಲಿ ಎಲ್ಲಾ ಹೇಗಿದ್ದಾರೆ, ಇಷ್ಟೇ ಕೇಳಿ ಇಟ್ಟುಬಿಡುತ್ತಿದ್ದೆ. ಕೆಲವರು ಅವರಾಗಿಯೇ "ಒಂದು ಲೆಕ್ಕ ಕೊಡಿ ಮೇಡಂ, ಹೊತ್ತು ಹೋಗಲ್ಲ" ಅನ್ನುತ್ತಿದ್ದರು. ಅವರಿಗೆ ಕೊಟ್ಟೆ.

ಪರೀಕ್ಷೆ ಇದೆಯೋ ಇಲ್ಲವೋ ಅನ್ನೋ ಗೊಂದಲ ಮುಗಿದು, ಎರಡೇ ದಿನದ ಪರೀಕ್ಷೆ ಅಂತ ಆಯಿತು. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ ಮೂರೂ ಒಟ್ಟಿಗೆ. 22ಕ್ಕೆ ಭಾಷೆಗಳು. ಒಂದೊಂದು ವಿಷಯಕ್ಕೆ 40 ಬಹು ಆಯ್ಕೆ ಪ್ರಶ್ನೆ, ಉತ್ತರದ ವೃತ್ತವನ್ನ ಪೆನ್ನಲ್ಲಿ ತುಂಬೋ ಓಎಂಆರ್ ಹಾಳೆ. ಹಿರಿಯ ಟೀಚರ್‌ಗಳು ತಲೆ ಮೇಲೆ ಕೈ ಹೊತ್ತರು. ನನಗೆ ಮಾತ್ರ ಒಳಗೊಳಗೇ ಸಮಾಧಾನ. ಬಹು ಆಯ್ಕೆ ಪ್ರಶ್ನೆ ಕೀಪ್ಯಾಡ್ ಫೋನಿಗೆ ಹೇಳಿ ಮಾಡಿಸಿದ್ದು. ಅಭ್ಯಾಸದ ಪ್ರಶ್ನೆಪತ್ರಿಕೆ ರೇಷನ್ ದಿನ ಕೊಟ್ಟು ಕಳಿಸಿದರೆ ಆಯಿತು, ಉತ್ತರ ಎಸ್ಸೆಮ್ಮೆಸ್. "1 ಬಿ 2 ಡಿ 3 ಎ" ಅಂತ ಸಾಲಾಗಿ ಬರೋವು, ರಾತ್ರಿ ಕೂತು ತಾಳೆ ನೋಡಿ ತಪ್ಪಾದ ನಂಬರ್ ಮಾತ್ರ ವಾಪಸ್ ಕಳಿಸೋದು. ಉತ್ತರ ಯಾವುದು ಅಂತ ಹೇಳುತ್ತಿರಲಿಲ್ಲ. ಮತ್ತೆ ಹುಡುಕಿ ಕಳಿಸಬೇಕು.

ಓಎಂಆರ್ ಮಾತ್ರ ಫೋನಲ್ಲಿ ಆಗುವಂಥದ್ದಲ್ಲ. ಜೆರಾಕ್ಸ್ ಮಾಡಿಸಿ ಒಬ್ಬೊಬ್ಬರಿಗೂ ಕೆಲವು ಹಾಳೆ ಕೊಟ್ಟೆವು. ನೀಲಿ ಅಥವಾ ಕಪ್ಪು ಬಾಲ್ ಪೆನ್, ವೃತ್ತ ಪೂರ್ತಿ ತುಂಬಬೇಕು, ಒಂದ್ಸಲ ತುಂಬಿದರೆ ಬದಲಾಯಿಸೋ ಹಾಗಿಲ್ಲ. ಪ್ರಶ್ನೆಪತ್ರಿಕೆ ಮೇಲೆ ಮೊದಲು ಪೆನ್ಸಿಲ್ ಗುರುತು ಹಾಕಿಕೊಂಡು, ಹತ್ತು ಪ್ರಶ್ನೆ ಆದ ಮೇಲೆ ಒಟ್ಟಿಗೆ ತುಂಬಿ ಅಂತ ನಾನು ಹೇಳಿದ್ದು, ಹಾಗೆ ಮಾಡಿದವರು ನಂಬರ್ ಅದಲು ಬದಲು ಮಾಡಿಕೊಳ್ಳಲಿಲ್ಲ. ಆ ವರ್ಷ ರಾಜ್ಯದಲ್ಲಿ ಹೆಚ್ಚು ಕಡಿಮೆ ಎಲ್ಲರೂ ಪಾಸು. ಅದನ್ನ ಹಿಡಿದುಕೊಂಡು ಕೊರೊನಾ ಪಾಸು ಅಂತ ಅವರನ್ನ ಆಡಿಕೊಂಡವರಿಗೆ ಲೆಕ್ಕವಿಲ್ಲ. ಮಾಳಿಗೆ ಮೇಲೆ ಕೂತು ಓದಿದವರನ್ನ ನಾನು ಬಲ್ಲೆ, ಹಾಗಾಗಿ ಆ ಮಾತು ಕೇಳಿದರೆ ಈಗಲೂ ಸಿಟ್ಟು ಬರುತ್ತದೆ.

ಆಗಸ್ಟ್ 23ಕ್ಕೆ ಶಾಲೆ ಮತ್ತೆ ತೆರೆದಾಗ ಹತ್ತಕ್ಕೆ ಬಂದಿದ್ದು ಮುಂದಿನ ಬ್ಯಾಚು. ಎಂಟರ ಕೊನೆಯಲ್ಲಿ ಮನೆಗೆ ಹೋದವರು. ಒಂಬತ್ತರಲ್ಲಿ ಫೆಬ್ರವರಿ, ಮಾರ್ಚ್ ಮಾತ್ರ ಬೆಂಚಿನ ಮೇಲೆ ಕೂತಿದ್ದರು. ಪಟ್ಟಣದ ಖಾಸಗಿ ಶಾಲೆಯ ಫೀಸು ಕಟ್ಟಲಾಗದೆ ಊರಿಗೆ ವಾಪಸ್ ಬಂದವರೂ ಇದ್ದರು, ಬೆಂಚು ಸಾಲಲಿಲ್ಲ. ಬಾಯಲ್ಲಿ ಕೇಳಿದರೆ ಚೆನ್ನಾಗಿ ಹೇಳೋರು. ಬರೆಯೋಕೆ ಕೂರಿಸಿದರೆ ಹತ್ತು ನಿಮಿಷಕ್ಕೆ ಕೈ ಕೊಡವೋರು, "ಬೆರಳು ನೋಯ್ತಾವೆ ಮೇಡಂ" ಅಂತ. ಇವರಿಗೆ ಓಎಂಆರ್ ಇರೋಲ್ಲ, ಪೂರ್ತಿ ಬರೆಯೋ ಪರೀಕ್ಷೆ ಬರುತ್ತದೆ ಅಂತ ನಮಗೆ ಗೊತ್ತಿತ್ತು. ಹಾಗಾಗಿ ಮೊದಲ ತಿಂಗಳು ನಾನು ಹೊಸ ಪಾಠಕ್ಕೆ ಕೊಟ್ಟಷ್ಟೇ ಹೊತ್ತು ಬರವಣಿಗೆಗೆ ಕೊಟ್ಟೆ. ಭಾಗಾಕಾರ, ದಶಮಾಂಶ ಇಂಥ ಹಳೇ ಲೆಕ್ಕ, ದಿನಾ ಇಪ್ಪತ್ತು ನಿಮಿಷ, ಮಾತಿಲ್ಲದೆ. ಆಮೇಲೆ ನಲವತ್ತು. ದಸರಾ ರಜೆ ಮುಗಿದ ಮೇಲೆ ಒಂದೂವರೆ ಗಂಟೆಯ ಹಳೇ ಪ್ರಶ್ನೆಪತ್ರಿಕೆ. ಜನವರಿ ಹೊತ್ತಿಗೆ ಪೂರ್ತಿ ಮೂರು ಗಂಟೆಯದ್ದು, ಶನಿವಾರ ಶನಿವಾರ. 2022ರ ಮಾರ್ಚ್ 28ಕ್ಕೆ ಅವರ ಎಸ್‌ಎಸ್‌ಎಲ್‌ಸಿ ಶುರುವಾಯಿತು. ಗಣಿತದ ದಿನ ಹೊರಗೆ ಬಂದವರು ನನಗೆ ಮೊದಲು ಹೇಳಿದ್ದು ಪೇಪರ್ ಸುಲಭವೋ ಕಷ್ಟವೋ ಅಂತಲ್ಲ, ಎಲ್ಲಾ ಪ್ರಶ್ನೆಗೂ ಬರೆಯೋಕೆ ಟೈಮ್ ಸಾಕಾಯ್ತು ಮೇಡಂ ಅಂತ.